ಬೇಸಿಗೆಯಲ್ಲಿ ಪುದುಚೇರಿಗೆ ಇಬ್ಬರೇ ಹೋಗುವವರಿಗೆ: ದಿನ ಆರಿಸುವುದರಿಂದ ವಾಪಸ್ ಬರುವ ತನಕ

ಏಪ್ರಿಲ್ ಬಂತೆಂದರೆ ಒಂದೇ ಪ್ರಶ್ನೆಯನ್ನು ಹತ್ತಾರು ಜನ ಕೇಳುತ್ತಾರೆ. "ನಾನು, ನಮ್ಮ ಮನೆಯವರು ಇಬ್ಬರೇ ಪುದುಚೇರಿಗೆ ಹೋಗಬೇಕು ಅಂತಿದ್ದೀವಿ, ಮೇ ತಿಂಗಳಲ್ಲಿ ಸೆಕೆ ತಡೆಯೋಕಾಗುತ್ತಾ?" "ಎರಡು ದಿನ ಸಾಕಾ?" "ಬೀಚಲ್ಲಿ ನೀರಿಗಿಳೀಬಹುದಾ?" "ಮೂರು ಗಂಟೆಗೆ ಪೇಟೆಗೆ ಹೋದ್ರೆ ಅಂಗಡಿ ಎಲ್ಲ ಮುಚ್ಚಿತ್ತು, ಯಾಕೆ?" ಎಲ್ಲದಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಧಾರಾಳವಾಗಿ ಹೋಗಿ. ಮೂರು ರಾತ್ರಿ ಇಟ್ಟುಕೊಳ್ಳಿ. ಆದರೆ ಬೆಳಿಗ್ಗೆ ಹತ್ತಕ್ಕೆ ತಿಂಡಿ ಮುಗಿಸಿ ಹೊರಟು ಸಂಜೆ ತನಕ ಸುತ್ತುವ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಹೋಗಿ. ಬೇಸಿಗೆಯಲ್ಲಿ ಈ ಊರು ಸೂರ್ಯ ಹುಟ್ಟುವ ಹೊತ್ತಿಗೆ ಎದ್ದು, ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನಾಲ್ಕರ ಮೇಲೆ ಮತ್ತೆ ಕಣ್ಣು ಬಿಡುತ್ತದೆ. ನೀವೂ ಹಾಗೇ ಇದ್ದರೆ ಸೆಕೆ ಅಷ್ಟಾಗಿ ಕಾಡುವುದಿಲ್ಲ. ಇದೊಂದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ.

1. ಮೊದಲು ವಾರದ ದಿನ ಆರಿಸಿ, ಆಮೇಲೆ ತಾರೀಖು

ಬೆಂಗಳೂರು, ಚೆನ್ನೈ ಎರಡೂ ಕಡೆಯವರಿಗೆ ಪುದುಚೇರಿ ವಾರಾಂತ್ಯದ ಊರು. ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆ ತನಕ ರೂಮಿನ ಬೆಲೆ ಏರುತ್ತದೆ, ಬೀಚ್ ರೋಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹೆಸರು ಮಾಡಿದ ಕೆಫೆಗಳ ಮುಂದೆ ಕಾಯಬೇಕು. ಸೋಮವಾರ ಹೋದರೆ ಸರ್ಕಾರಿ ಮ್ಯೂಸಿಯಂ ರಜೆ. ಮಂಗಳವಾರ ಪಕ್ಕದ ಆರೋವಿಲ್‌ ಎಂಬ ಊರಿನ ಧ್ಯಾನಮಂದಿರವಾದ ಮಾತೃಮಂದಿರದ ಒಳಗೆ ಪ್ರವೇಶ ಇಲ್ಲ.

ಹಾಗಾಗಿ ಮಂಗಳವಾರ ಬೆಳಿಗ್ಗೆ ಊರು ಸೇರಿ ಶುಕ್ರವಾರ ಬೆಳಿಗ್ಗೆ ಹೊರಡುವುದು ಒಳ್ಳೆಯದು. ಮಂಗಳವಾರ ಊರೊಳಗೆ ಓಡಾಡಿ, ಬುಧವಾರ ಆರೋವಿಲ್, ಗುರುವಾರ ಉಳಿದದ್ದು. ರಜೆ ಸಿಗದವರು ಹೇಗಾದರೂ ಒಂದು ದಿನವನ್ನಾದರೂ ವಾರದ ನಡುವೆ ಇಟ್ಟುಕೊಳ್ಳಿ.

ತಿಂಗಳ ಲೆಕ್ಕದಲ್ಲಿ ಏಪ್ರಿಲ್ ಮೊದಲರ್ಧ ವಾಸಿ. ಮೇ ಮೊದಲ ವಾರದಿಂದ ತಿಂಗಳ ಕೊನೆ ತನಕ ತಮಿಳರು 'ಕತ್ತಿರಿ' ಎನ್ನುತ್ತಾರೆ, ಪಂಚಾಂಗದ ಅಗ್ನಿನಕ್ಷತ್ರದ ಅವಧಿ, ಬೇಸಿಗೆಯ ತುತ್ತತುದಿ. ಆಗ ಉಷ್ಣಾಂಶ 38-40 ಡಿಗ್ರಿಗೆ ಹೋಗುತ್ತದೆ, ಜೊತೆಗೆ ಕಡಲ ತೇವ. ಬೆಂಗಳೂರಿನ ಒಣ ಬಿಸಿಲಿಗೆ ಒಗ್ಗಿದವರಿಗೆ ಇದು ಬೇರೆಯೇ ಅನುಭವ, ಬೆವರು ಆರುವುದೇ ಇಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಹೊಸದೇನಲ್ಲ.

ಇನ್ನೊಂದು ಮಾತು. ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ. ಇದಕ್ಕೆ ಎರಡು ಕಾರಣ, ಎರಡನ್ನೂ ಮುಂದೆ ಹೇಳುತ್ತೇನೆ.

2. ದಾರಿ

ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 310 ಕಿಲೋಮೀಟರ್. ಹೊಸೂರು, ಕೃಷ್ಣಗಿರಿ, ತಿರುವಣ್ಣಾಮಲೈ, ಜಿಂಜಿ, ತಿಂಡಿವನಂ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಪುದುಚೇರಿ. ಊಟ-ಕಾಫಿ ಸೇರಿ ಏಳು ಗಂಟೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಹೊರಟುಬಿಡಿ, ಹನ್ನೊಂದರೊಳಗೆ ಸೇರುತ್ತೀರಿ.

ಇಲ್ಲಿ ಹುಣ್ಣಿಮೆಯ ಮೊದಲ ಕಾರಣ. ತಿರುವಣ್ಣಾಮಲೈಯಲ್ಲಿ ಪ್ರತಿ ಹುಣ್ಣಿಮೆಗೆ ಗಿರಿವಲಂ ನಡೆಯುತ್ತದೆ, ಅಂದರೆ ಅರುಣಾಚಲ ಬೆಟ್ಟಕ್ಕೆ ಬರಿಗಾಲಲ್ಲಿ ಪ್ರದಕ್ಷಿಣೆ. ಸುಮಾರು 14 ಕಿಲೋಮೀಟರ್ ಸುತ್ತು, ಲಕ್ಷಗಟ್ಟಲೆ ಜನ, ಚೈತ್ರ ಹುಣ್ಣಿಮೆಗಂತೂ ಹೇಳುವುದೇ ಬೇಡ. ನಿಮ್ಮ ಉದ್ದೇಶ ಗಿರಿವಲಂ ಅಲ್ಲವಾದರೆ ಆ ದಿನ ಆ ದಾರಿ ಹಿಡಿಯಬೇಡಿ, ಊರ ಹೊರಗೇ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ.

ಜಿಂಜಿ ಕೋಟೆ ರಸ್ತೆಯಿಂದಲೇ ಕಾಣುತ್ತದೆ. ಮೂರು ಬೆಟ್ಟ ಸೇರಿಸಿ ಕಟ್ಟಿದ ಕೋಟೆ, 2025ರಲ್ಲಿ ಮರಾಠಾ ಕೋಟೆಗಳ ಗುಂಪಿನಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದು ಸೇರಿದ್ದು ಇದೇ ಜಿಂಜಿಯನ್ನು, ದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟವಳು ನಮ್ಮ ಕೆಳದಿಯ ಚೆನ್ನಮ್ಮ. ಬೇಸಿಗೆಯಲ್ಲಿ ಕೆಳಗಿನ ಕಟ್ಟಡಗಳನ್ನು ಮಾತ್ರ ನೋಡಿ ಹೊರಡಿ. ಆ ಮೂರರಲ್ಲಿ ಎತ್ತರದ ಬೆಟ್ಟವಾದ ರಾಜಗಿರಿ ಹತ್ತುವ ಆಸೆಯನ್ನು ಡಿಸೆಂಬರ್-ಜನವರಿಗೆ ಇಟ್ಟುಕೊಳ್ಳಿ. ಬಂಡೆ ಕಾದು, ಎರಡು ಬಾಟಲಿ ನೀರು ಅರ್ಧ ದಾರಿಗೇ ಮುಗಿಯುತ್ತದೆ.

ತಿಂಡಿವನಂ ಸುತ್ತಮುತ್ತ ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ, ಅದರ ಪಕ್ಕದಲ್ಲೇ ತಾಟಿನುಂಗು. ಇಲ್ಲಿ ನಿಲ್ಲಿಸಲೇಬೇಕು. ಗಾಡಿಯವರು ತಾಳೆಕಾಯಿಯ ತಲೆಯನ್ನು ಕತ್ತಿಯಿಂದ ಹಾರಿಸಿ, ಒಳಗಿನ ಮೂರು ಕಣ್ಣುಗಳಿಂದ ನುಂಗನ್ನು ಹೆಬ್ಬೆರಳಿನಲ್ಲಿ ಎಬ್ಬಿಸಿ ಕೊಡುತ್ತಾರೆ. ಒತ್ತಿದರೆ ನಡುಗುವಷ್ಟು ಮೆತ್ತಗಿದ್ದು, ಒಳಗೆ ನೀರು ಆಡುತ್ತಿದ್ದರೆ ಎಳೆಯದು. ಬೆಳ್ಳಗೆ ಗಟ್ಟಿಯಾಗಿದ್ದರೆ ಬಲಿತಿದೆ, ಹೊಟ್ಟೆ ಭಾರವಾಗುತ್ತದೆ, ಬೇಡ ಅನ್ನಿ. ಕಣ್ಣೆದುರಿಗೇ ಕೊಚ್ಚಿಸಿಕೊಳ್ಳಿ, ಕವರಿನಲ್ಲಿ ಕಟ್ಟಿಟ್ಟದ್ದು ತಗೋಬೇಡಿ.

ಬಸ್ಸಿನವರಿಗೆ: ಬೆಂಗಳೂರಿನಿಂದ ಕೆಎಸ್‌ಆರ್‌ಟಿಸಿ, ಖಾಸಗಿ ಎರಡೂ ರಾತ್ರಿ ಬಸ್‌ಗಳಿವೆ. ಯಶವಂತಪುರದಿಂದ ವಾರಕ್ಕೊಮ್ಮೆ ನೇರ ರೈಲು ಇದೆ, ಮಂಗಳೂರು ಸೆಂಟ್ರಲ್‌ನಿಂದ ಕೇರಳ ಸುತ್ತಿ ಬರುವ ರೈಲೂ ಇದೆ, ಅದೂ ಪ್ರತಿದಿನ ಅಲ್ಲ. ನಿಮ್ಮ ದಿನಕ್ಕೆ ರೈಲು ಹೊಂದದಿದ್ದರೆ ವಿಲ್ಲುಪುರಂ ಜಂಕ್ಷನ್‌ಗೆ ಟಿಕೆಟ್ ನೋಡಿ. ಅಲ್ಲಿಂದ ಪುದುಚೇರಿ 40 ಕಿಲೋಮೀಟರ್, ಬಸ್ಸಿಗೆ ಬರವಿಲ್ಲ.

ಎಚ್ಚರ: ರಾತ್ರಿ ಬಸ್ಸು ಬೆಳಿಗ್ಗೆ ಐದು-ಆರಕ್ಕೆ ಇಳಿಸುತ್ತದೆ, ರೂಮು ಸಿಗುವುದು ಹನ್ನೊಂದು-ಹನ್ನೆರಡಕ್ಕೆ. ಬುಕ್ ಮಾಡುವಾಗಲೇ ಫೋನ್ ಮಾಡಿ, ಲಗೇಜ್ ಇಟ್ಟು ಮುಖ ತೊಳೆಯಲು ಜಾಗ ಕೊಡುತ್ತೀರಾ ಅಂತ ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಅಷ್ಟಾದರೆ ಅವತ್ತಿನ ಬೆಳಗು ಪೂರ್ತಿ ಲಾಭ.

3. ರೂಮು ಎಲ್ಲಿ?

ನಕ್ಷೆಯಲ್ಲಿ ಹಳೇ ಪುದುಚೇರಿ ಒಂದು ಮೊಟ್ಟೆಯ ಆಕಾರ. ಸುತ್ತ ಬುಲ್ವಾರ್ಡ್, ಅಂದರೆ ಹಿಂದೆ ಕೋಟೆಗೋಡೆ ಇದ್ದ ಕಡೆ ಈಗಿರುವ ಅಗಲ ರಸ್ತೆ. ಒಳಗೆ ನೇರ ಗೆರೆ ಎಳೆದ ಹಾಗೆ ಬೀದಿಗಳು. ನಡುವೆ ಉತ್ತರ-ದಕ್ಷಿಣಕ್ಕೆ ಒಂದು ಕಾಲುವೆ. ಕಾಲುವೆಯ ಕಡಲ ಕಡೆಯದು ಫ್ರೆಂಚರಿದ್ದ ಭಾಗ, ಈಗ ಎಲ್ಲರೂ ವೈಟ್ ಟೌನ್ ಅನ್ನುತ್ತಾರೆ. ಈಚೆ ಕಡೆ ತಮಿಳು, ಮುಸ್ಲಿಂ, ಕ್ರೈಸ್ತ ಕೇರಿಗಳು.

ಕಾಲುವೆಯ ಯಾವ ಕಡೆಯಾದರೂ ಸರಿ, ಬುಲ್ವಾರ್ಡ್ ಒಳಗೆ ಇರಿ. ಕಡಲಿಗೆ ನಡೆದು ಹೋಗುವಷ್ಟು ಹತ್ತಿರ ಇರುವುದು ಬೇಸಿಗೆಯಲ್ಲಿ ಶೋಕಿಯಲ್ಲ, ಅಗತ್ಯ. ಬೆಳಿಗ್ಗೆ ಐದೂವರೆಗೆ ಬೀಚ್ ರೋಡಿಗೆ ಹೋಗಿ, ಎಂಟಕ್ಕೆ ವಾಪಸ್ ಬಂದು, ಸಂಜೆ ಮತ್ತೆ ಹೊರಡುವ ನಿಮಗೆ ಊರಿಂದ ಆರೇಳು ಕಿಲೋಮೀಟರ್ ದೂರದ ರೆಸಾರ್ಟ್ ಕೆಲಸಕ್ಕೆ ಬರುವುದಿಲ್ಲ.

ವೈಟ್ ಟೌನಿನ ಹಳೇ ಬಂಗಲೆ ಹೋಟೆಲುಗಳು ಚೆಂದ, ದುಬಾರಿ. ನನ್ನ ಕೇಳಿದರೆ ಕಾಲುವೆಯ ಈಚೆ, ರಿಪೇರಿ ಮಾಡಿದ ತಮಿಳು ತೊಟ್ಟಿಮನೆಯಲ್ಲಿ ಒಂದು ರೂಮು ತಗೊಳ್ಳಿ ಎನ್ನುತ್ತೇನೆ. ಬೆಲೆ ಕಡಿಮೆ. ದಪ್ಪ ಗೋಡೆ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಮಧ್ಯಾಹ್ನದ ಹೊತ್ತು ಎಸಿ ಇಲ್ಲದ ಪಡಸಾಲೆಯೇ ತಂಪು.

ಅರವಿಂದಾಶ್ರಮದವರೇ ನಡೆಸುವ ಗೆಸ್ಟ್ ಹೌಸ್‌ಗಳೂ ಇವೆ, ಒಂದೆರಡು ಕಡಲಿಗೆ ಮುಖ ಮಾಡಿಯೇ ಇವೆ. ಶುಚಿ, ಅಗ್ಗ. ಆದರೆ ಅಲ್ಲಿ ಕುಡಿತ, ಸಿಗರೇಟು ಇಲ್ಲ, ರಾತ್ರಿ ಗೇಟು ಮುಚ್ಚುವ ಹೊತ್ತು ಇದೆ, ಮೊದಲ ಆದ್ಯತೆ ಆಶ್ರಮಕ್ಕೆ ಬರುವ ಭಕ್ತರಿಗೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಕೇಳಲೇಬೇಡಿ. ಅರವಿಂದರ ಜೊತೆ ಆಶ್ರಮ ಕಟ್ಟಿದ ಮದರ್, ಅಂದರೆ ಮೀರಾ ಅಲ್ಫಾಸಾ, 1920ರಲ್ಲಿ ಪುದುಚೇರಿಗೆ ಖಾಯಂ ಆಗಿ ಬಂದ ದಿನ ಅದು, ದರ್ಶನದ ದಿನವಾದ್ದರಿಂದ ತುಂಬಿರುತ್ತದೆ.

ಬುಕ್ ಮಾಡುವ ಮುಂಚೆ ಇಷ್ಟು ಕೇಳಿ:

- ಎಸಿ ಇದೆಯಾ, ಕರೆಂಟ್ ಹೋದರೆ ಜನರೇಟರ್‌ನಲ್ಲೂ ಓಡುತ್ತದಾ?
- ರೂಮು ಮೇಲಿನ ತಾರಸಿಗೆ ಅಂಟಿಕೊಂಡಿದೆಯಾ? ಇದ್ದರೆ ಬೇಡ. ರಾತ್ರಿ ಹತ್ತಾದರೂ ಸೂರು ಬಿಸಿ ಉಗುಳುತ್ತದೆ. ನೆಲಮಹಡಿ ಅಥವಾ ಮೊದಲ ಮಹಡಿ ಕೇಳಿ.
- ಇಬ್ಬರದೂ ಗುರುತಿನ ಚೀಟಿ ಯಾವುದು ಬೇಕು? ವಿಳಾಸ ಇರುವ ಆಧಾರ್, ಡಿಎಲ್ ಅಥವಾ ಪಾಸ್‌ಪೋರ್ಟ್ ಒಯ್ಯಿರಿ. ಪಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಸಾಕಾಗುವುದಿಲ್ಲ. ಒಬ್ಬರದು ಮಾತ್ರ ಇದ್ದರೆ ಕೌಂಟರಿನಲ್ಲಿ ತಕರಾರು ಖಚಿತ.

4. ಚೀಲದಲ್ಲಿ ಏನಿರಲಿ

ತೆಳು ಹತ್ತಿ ಬಟ್ಟೆ, ದಿನಕ್ಕೆ ಎರಡು ಜೊತೆಯ ಲೆಕ್ಕದಲ್ಲಿ. ಟೋಪಿ ಅಥವಾ ಕೊಡೆ. ಓಆರ್‌ಎಸ್ ಪೊಟ್ಟಣ ನಾಲ್ಕಾರು. ಸುಲಭವಾಗಿ ಕಳಚುವ ಚಪ್ಪಲಿ, ಯಾಕೆಂದರೆ ದೇವಸ್ಥಾನ, ಆಶ್ರಮ, ಕೆಲವು ಮನೆ-ಹೋಟೆಲು ಎಲ್ಲ ಕಡೆ ಬಿಡಬೇಕು. ಸಂಜೆಗೆ ಸೊಳ್ಳೆ ಕ್ರೀಮು. ಇಷ್ಟು ಸಾಕು.

5. ದಿನವನ್ನು ಹೀಗೆ ಮೂರು ಪಾಲು ಮಾಡಿ

ಬೆಳಿಗ್ಗೆ 5.30ರಿಂದ 9.30: ನಡೆಯುವ ಕೆಲಸವೆಲ್ಲ ಈಗಲೇ.

9.30ರಿಂದ 1: ನೆರಳಿರುವ ಜಾಗಗಳು. ಮ್ಯೂಸಿಯಂ, ಆಶ್ರಮ, ಚರ್ಚು, ಅಂಗಡಿ.

1ರಿಂದ 4: ಊಟ, ನಿದ್ದೆ. ಹೊರಗೆ ಹೋಗಬೇಡಿ, ಹೋದರೂ ಏನೂ ಸಿಗುವುದಿಲ್ಲ. ಇಲ್ಲಿನ ಬಹಳಷ್ಟು ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಹೋಗುತ್ತವೆ. ದೇವಸ್ಥಾನವೂ ಮುಚ್ಚಿರುತ್ತದೆ, ಆಶ್ರಮವೂ ಹನ್ನೆರಡರಿಂದ ಎರಡರ ತನಕ ಇರುವುದಿಲ್ಲ. ಈ ಮೂರು ಗಂಟೆಯನ್ನು 'ವೇಸ್ಟ್' ಅಂತ ತಿಳಿಯುವವರೇ ಸಂಜೆಗೆ ತಲೆನೋವು ಹಿಡಿದು ಮಲಗುವುದು, ಒಬ್ಬರ ಮೇಲೊಬ್ಬರು ರೇಗುವುದು. ಇಬ್ಬರೇ ಬಂದಿದ್ದೀರಿ, ಮಕ್ಕಳ ಗಲಾಟೆ ಇಲ್ಲ, ಆಫೀಸಿನ ಫೋನಿಲ್ಲ. ಸುಮ್ನೆ ಮಲಗಿ.

4ರ ಮೇಲೆ: ಅಷ್ಟರಲ್ಲಿ ಕಡಲಗಾಳಿ ಊರೊಳಗೆ ಹೊಕ್ಕಿರುತ್ತದೆ. ನೆಲ ಕಾದಷ್ಟು ಬೇಗ ನೀರು ಕಾಯುವುದಿಲ್ಲ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಮೇಲಿನ ತಂಪುಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಶುರುವಾಗುವ ಈ ಗಾಳಿಯಿಂದಲೇ ಸಂಜೆ ಹಾಯೆನಿಸುವುದು. ಸಂಜೆ ಆರರಿಂದ ಬೆಳಿಗ್ಗೆ ಏಳೂವರೆ ತನಕ ಬೀಚ್ ರೋಡಿಗೆ ವಾಹನ ಬಿಡುವುದಿಲ್ಲ, ಇಡೀ ರಸ್ತೆ ನಡೆಯುವವರದ್ದು.

6. ಊರನ್ನು ಕಾಲಲ್ಲೇ ನೋಡಿ

ಮೊದಲ ಬೆಳಿಗ್ಗೆ ಬೀಚ್ ರೋಡಿನ ಗಾಂಧಿ ಪ್ರತಿಮೆಯಿಂದ ಶುರು ಮಾಡಿ. ಸುತ್ತ ನಿಂತಿರುವ ಕಲ್ಲುಕಂಬಗಳ ಕೆತ್ತನೆ ನೋಡಿ, ಅವು ನೀವು ದಾರಿಯಲ್ಲಿ ಕಂಡ ಜಿಂಜಿಯಿಂದ ತಂದವು. ಅದೇ ರಸ್ತೆಯಲ್ಲಿ 1836ರ ಹಳೇ ದೀಪಸ್ತಂಭ, ಮೊದಲ ಮಹಾಯುದ್ಧದಲ್ಲಿ ಸತ್ತ ಯೋಧರ ಸ್ಮಾರಕ, ಹೊಸದರಂತೆ ಹೊಳೆಯುವ ನಗರಸಭೆ ಕಟ್ಟಡ. ಈ ಕೊನೆಯದು ನಿಜಕ್ಕೂ ಹೊಸದೇ. ಹಳೆಯದು 2014ರ ಮಳೆಯಲ್ಲಿ ಕುಸಿದು ಬಿತ್ತು, ಅದರ ರೂಪದಲ್ಲೇ ಮತ್ತೆ ಕಟ್ಟಿದ್ದಾರೆ.

ಆಮೇಲೆ ಒಳಬೀದಿಗಳಿಗೆ ತಿರುಗಿ. ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಬೀದಿಯ ಹೆಸರು, 'ರ್ಯೂ' ಅಂತ ಶುರುವಾದರೆ ಬೀದಿ ಎಂದರ್ಥ. ಡೂಮಾ, ಸಫ್ರೆನ್, ರೊಮೇ ರೋಲಾ ಬೀದಿಗಳಲ್ಲಿ ಸುಮ್ಮನೆ ನಡೆಯಿರಿ. ಫೋಟೋ ತೆಗೆಯುವವರು ಏಳಕ್ಕೆ ಮುಂಚೆ ಬನ್ನಿ, ಬೆಳಕು ಓರೆಯಾಗಿ ಹಳದಿ ಗೋಡೆಗಳ ಮೇಲೆ ಬೀಳುತ್ತದೆ, ಬೀದಿಯೂ ಖಾಲಿ. ಒಂದು ಮಾತು ನೆನಪಿರಲಿ. ಇವು ಸಿನಿಮಾ ಸೆಟ್ ಅಲ್ಲ, ಒಳಗೆ ಜನ ಇದ್ದಾರೆ. ಮೆಟ್ಟಿಲ ಮೇಲೆ ಕೂತು, ಬಾಗಿಲಿಗೆ ಒರಗಿ ಪೋಸು ಕೊಡಬೇಡಿ.

ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಇಲ್ಲಿ ಹೇಳಬೇಕು. ಫ್ರೆಂಚ್ ಬೀದಿಯಲ್ಲಿ ಮನೆ ನಿಮಗೆ ಕಾಣುವುದೇ ಇಲ್ಲ. ಎತ್ತರದ ಗೋಡೆ, ಕಮಾನಿನ ದೊಡ್ಡ ಗೇಟು, ಗೋಡೆಯ ಮೇಲಿಂದ ಇಣುಕುವ ಬೋಗನ್‌ವಿಲ್ಲಾ, ಅಷ್ಟೇ. ಮನೆ, ತೋಟ, ಬದುಕು ಎಲ್ಲ ಗೋಡೆಯ ಆಚೆ. ಕಾಲುವೆ ದಾಟಿ ವೈಶಿಯಾಳ್ ಬೀದಿಗೋ ರಂಗಪಿಳ್ಳೈ ಬೀದಿಗೋ ಬನ್ನಿ, ಪೂರಾ ಉಲ್ಟಾ. ಮನೆ ಬೀದಿಗೇ ಬಂದು ಕೂತಿರುತ್ತದೆ. ಮುಂದೆ ಕಂಬಗಳ ಮೇಲೆ ಹೆಂಚಿನ ಇಳಿಸೂರು, ಅದರ ಕೆಳಗೆ 'ತಿಣ್ಣೈ', ನಮ್ಮ ಹಳ್ಳಿಮನೆಗಳ ಜಗಲಿಯೇ. ದಾರಿಹೋಕರು ಕೂತು ದಣಿವಾರಿಸಿಕೊಳ್ಳಲಿ ಅಂತಲೇ ಕಟ್ಟಿದ್ದು. ಇನ್ನೂ ಚೆನ್ನಾಗಿ ನೋಡಿದರೆ ಕೆಲವು ಮನೆಗಳಲ್ಲಿ ಕೆಳಗೆ ತಿಣ್ಣೈ, ಮರದ ಕಂಬ, ಮೇಲಿನ ಮಹಡಿಗೆ ಮಾತ್ರ ಫ್ರೆಂಚ್ ಕಮಾನು ಕಿಟಕಿ. ಎರಡೂ ಒಂದೇ ಮನೆಯಲ್ಲಿ. ಬಂದವರಲ್ಲಿ ಬಹುಪಾಲು ಜನ ಕಾಲುವೆ ದಾಟದೆ ವಾಪಸ್ ಹೋಗುತ್ತಾರೆ. ನೀವು ದಾಟಿ.

ರಂಗಪಿಳ್ಳೈ ಎಂದರೆ ಆನಂದ ರಂಗಪಿಳ್ಳೈ, ಫ್ರೆಂಚ್ ಗವರ್ನರ್ ಡೂಪ್ಲೆಯ ದುಬಾಷಿ, ಅಂದರೆ ಭಾಷಾಂತರಕಾರ ಮತ್ತು ವ್ಯಾಪಾರದ ಮಧ್ಯವರ್ತಿ. 1736ರಿಂದ 1761ರ ತನಕ ತಮಿಳಿನಲ್ಲಿ ದಿನಚರಿ ಬರೆದ. ಆ ಕಾಲದ ಪುದುಚೇರಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಸಂಗತಿ ಅದರಿಂದಲೇ. 1761ರಲ್ಲಿ ಬ್ರಿಟಿಷರು ಊರನ್ನು ಗೆದ್ದು ನೆಲಸಮ ಮಾಡಿದರು, ಹಾಗಾಗಿ ಈಗ ಕಾಣುವ ಫ್ರೆಂಚ್ ಮನೆಗಳು ಬಹುಪಾಲು ಆಮೇಲಿನವು. ಬೀದಿಗಳ ಚೌಕಟ್ಟು ಮಾತ್ರ ಇನ್ನೂ ಹಳೆಯದು, 1693ರಿಂದ 1699ರ ತನಕ ಊರು ಡಚ್ಚರ ಕೈಯಲ್ಲಿದ್ದಾಗ ಅವರು ಹಾಕಿದ ನಕ್ಷೆಯದ್ದು. 1778ರಲ್ಲಿ ಬ್ರಿಟಿಷರು ಮತ್ತೆ ಪುದುಚೇರಿ ಹಿಡಿದು, ಮರುವರ್ಷ ಕೇರಳ ಕರಾವಳಿಯಲ್ಲಿ ಫ್ರೆಂಚರ ಕೈಲಿದ್ದ ಮಾಹೆಯನ್ನೂ ಕಿತ್ತುಕೊಂಡಾಗ ಸಿಟ್ಟಾದವನು ಹೈದರಾಲಿ. ಮಾಹೆಯ ಮೂಲಕವೇ ಅವನಿಗೆ ಮದ್ದುಗುಂಡು ಬರುತ್ತಿತ್ತು. 1780ರ ಎರಡನೇ ಮೈಸೂರು ಯುದ್ಧಕ್ಕೆ ಅದೂ ಒಂದು ಕಾರಣ. ಭಾರತದ ಕೈಗೆ ಆಡಳಿತ ಬಂದದ್ದು 1954ರ ನವೆಂಬರ್ 1ಕ್ಕೆ, ಕಾನೂನು ಪ್ರಕಾರ ಪೂರ್ತಿ ಸೇರಿದ್ದು 1962ರಲ್ಲಿ.

ಭಾರತಿ ಪಾರ್ಕಿನ ನಡುವೆ ಬೆಳ್ಳಗಿನ ಆಯಿ ಮಂಟಪ ಇದೆ. ಅದರ ಕಥೆಯಲ್ಲಿ ನಮ್ಮ ಕೃಷ್ಣದೇವರಾಯ ಬರುತ್ತಾನೆ. ಈ ಕಡೆ ಬಂದಾಗ ಆಯಿ ಎಂಬ ಗಣಿಕೆಯ ದೀಪ ಬೆಳಗುವ ಮನೆಯನ್ನು ದೇವಸ್ಥಾನವೆಂದು ತಿಳಿದು ಕೈಮುಗಿದನಂತೆ, ನಿಜ ಗೊತ್ತಾಗಿ ಮನೆ ಕೆಡವಲು ಹೇಳಿದನಂತೆ. ಆಕೆ ತಾನೇ ಕೆಡವಿ ಅಲ್ಲಿ ಕೆರೆ ತೋಡಿಸಿದಳು. ಮುಂದೆ ಫ್ರೆಂಚರ ಊರಿಗೆ ಕುಡಿಯುವ ನೀರು ಬಂದದ್ದು ಆ ಕಡೆಯಿಂದ, ಮೂರನೇ ನೆಪೋಲಿಯನ್ ಕಾಲದಲ್ಲಿ ಆಕೆಯ ನೆನಪಿಗೆ ಮಂಟಪ ಎದ್ದಿತು ಎನ್ನುತ್ತಾರೆ. ಪಾರ್ಕಿನಲ್ಲಿ ಮರದ ನೆರಳು ದಟ್ಟ, ಒಂಬತ್ತರ ಹೊತ್ತಿಗೆ ಕೂರಲು ಹೇಳಿಮಾಡಿಸಿದ ಜಾಗ.

ಪಕ್ಕದಲ್ಲೇ ಮ್ಯೂಸಿಯಂ. ಅರಿಕಮೇಡುವಿನಲ್ಲಿ ಸಿಕ್ಕ ಮಣಿಗಳು, ರೋಮನ್ ಮಡಕೆ ಚೂರುಗಳನ್ನು ಇಲ್ಲೇ ನೋಡಿ. ಊರಿನ ದಕ್ಷಿಣಕ್ಕೆ ಅರಿಯಾಂಕುಪ್ಪಂ ನದಿಯ ದಡದಲ್ಲಿ ಎರಡು ಸಾವಿರ ವರ್ಷ ಹಿಂದಿನ ಬಂದರು ಅದು, 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ. ಆ ಜಾಗಕ್ಕೇ ಹೋಗಬೇಕಾ ಅಂತ ಕೇಳುತ್ತೀರಿ. ಇತಿಹಾಸದ ಹುಚ್ಚಿದ್ದರೆ ಬೆಳಿಗ್ಗೆ ಹೋಗಿ, ಇಲ್ಲದಿದ್ದರೆ ಬೇಡ. ಮಾವಿನ ತೋಪು, ಒಂದು ಮುರುಕು ಇಟ್ಟಿಗೆ ಕಟ್ಟಡ ಬಿಟ್ಟು ಕಣ್ಣಿಗೆ ಕಾಣುವಂಥದ್ದು ಕಡಿಮೆ.

ಮಣಕುಳ ವಿನಾಯಕನ ಗುಡಿ ಫ್ರೆಂಚರು ಬರುವ ಮೊದಲೇ ಇದ್ದದ್ದು, ಬೆಳಿಗ್ಗೆ ಬೇಗ ಹೋದರೆ ನೂಕುನುಗ್ಗಲಿಲ್ಲ. ಚರ್ಚುಗಳಲ್ಲಿ ಒಂದನ್ನೇ ಆರಿಸುವುದಾದರೆ ರೈಲ್ವೆ ಸ್ಟೇಷನ್ ಹತ್ತಿರದ ಸೇಕ್ರೆಡ್ ಹಾರ್ಟ್ ಬಸಿಲಿಕಾ. ಬಣ್ಣದ ಗಾಜಿನ ಕಿಟಕಿಗಳ ಮುಂದೆ ಹತ್ತು ನಿಮಿಷ ಕೂತುಬಿಡಿ.

7. ಕಡಲು: ನೋಡಲು ಒಂದು ಜಾಗ, ಇಳಿಯಲು ಇನ್ನೊಂದು

ಗೋಕರ್ಣ, ಮಲ್ಪೆ ನೋಡಿದವರು ಇಲ್ಲೂ ಸಂಜೆ ಸೂರ್ಯ ಮುಳುಗುವುದನ್ನು ಕಾಯುತ್ತಾರೆ. ಇದು ಪೂರ್ವ ಕರಾವಳಿ, ಸೂರ್ಯ ನೀರಿನಿಂದ ಹುಟ್ಟುತ್ತಾನೆ, ಮುಳುಗುವುದು ಊರ ಹಿಂದೆ. ಮೇನಲ್ಲಿ 5.45ರ ಆಸುಪಾಸಿಗೆ ಸೂರ್ಯೋದಯ. ಕಾಲು ಗಂಟೆ ಮೊದಲೇ ಹೋಗಿ.

ಹುಣ್ಣಿಮೆಯ ಎರಡನೇ ಕಾರಣ ಇದೇ. ಚಂದ್ರನೂ ನೀರಿನಿಂದಲೇ ಏಳುತ್ತಾನೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಬರುವುದರಿಂದ ಬೆಳಕಿನಲ್ಲಿ ಮಸುಕು. ಮರುದಿನ ಮುಕ್ಕಾಲು ಗಂಟೆ, ಒಂದು ಗಂಟೆ ತಡ, ಆಗ ಆಕಾಶ ಕಪ್ಪಾಗಿ ಚಂದ್ರ ಕೆಂಪಗೆ ಏಳುವುದು ಚೆನ್ನಾಗಿ ಕಾಣುತ್ತದೆ. ಇದನ್ನು ನೋಡುವ ಆಸೆ ಇದ್ದರೆ ಹುಣ್ಣಿಮೆಗೆ ಒಂದು ದಿನ ಮುಂಚೆಯೇ ಪುದುಚೇರಿ ಸೇರಿಕೊಳ್ಳಿ, ತಿರುವಣ್ಣಾಮಲೈಯ ಜನಸಾಗರವೂ ತಪ್ಪುತ್ತದೆ.

ಬೀಚ್ ರೋಡಿನಲ್ಲಿ ಉದ್ದಕ್ಕೂ ಕಪ್ಪು ಬಂಡೆಗಳ ತಡೆಗೋಡೆ. ಮರಳು ಎಲ್ಲಿ ಹೋಯಿತು ಅಂತ ಎಲ್ಲರೂ ಕೇಳುತ್ತಾರೆ. ಈ ಕರಾವಳಿಯಲ್ಲಿ ಅಲೆಗಳು ಮರಳನ್ನು ವರ್ಷದ ಬಹುಪಾಲು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. 1980ರ ದಶಕದಲ್ಲಿ ಊರಿನ ದಕ್ಷಿಣಕ್ಕೆ ಬಂದರಿನ ಕಲ್ಲುಕಟ್ಟೆ ಕಟ್ಟಿದರು, ಮರಳು ಅಲ್ಲೇ ನಿಂತಿತು. ಉತ್ತರದ ದಡಕ್ಕೆ ಹೊಸ ಮರಳು ಬರಲಿಲ್ಲ, ಇದ್ದದ್ದು ಕೊಚ್ಚಿಹೋಯಿತು. ಇತ್ತೀಚಿನ ವರ್ಷಗಳಲ್ಲಿ ನೀರೊಳಗೆ ತಡೆ ಹಾಕಿ ಒಂದು ಸಣ್ಣ ಮರಳುದಡವನ್ನು ಮರಳಿ ತಂದಿದ್ದಾರೆ. ಅಲ್ಲಿ ಕಾಲು ಒದ್ದೆ ಮಾಡಿಕೊಳ್ಳಬಹುದು, ಈಜಲು ಇಳಿಯಬೇಡಿ. ಬಂಡೆಗಳ ಮೇಲೆ ಸೆಲ್ಫಿಗೆ ಇಳಿಯುವುದಂತೂ ಬೇಡವೇ ಬೇಡ, ಪಾಚಿ ಕಟ್ಟಿ ಜಾರುತ್ತವೆ, ಸಂದಿಯಲ್ಲಿ ಬಿದ್ದರೆ ಎತ್ತುವುದು ಕಷ್ಟ.

ಮರಳು ಬೇಕೆಂದರೆ ಎರಡು ಜಾಗ. ಕಡಲೂರು ರಸ್ತೆಯಲ್ಲಿ ಎಂಟು ಕಿಲೋಮೀಟರ್ ಹೋದರೆ ಚುನ್ನಾಂಬಾರ್ ಬೋಟ್‌ಹೌಸ್, ಅಲ್ಲಿಂದ ದೋಣಿಯಲ್ಲಿ ಪ್ಯಾರಡೈಸ್ ಬೀಚ್. ಬೆಳಿಗ್ಗೆ ಮೊದಲ ದೋಣಿಗಳಿಗೇ ಹೋಗಿ. ಮಧ್ಯಾಹ್ನ ನೆರಳಿಲ್ಲ, ವಾಪಸ್ ದೋಣಿಗೆ ಸಾಲು ನಿಲ್ಲಬೇಕು. ಉತ್ತರಕ್ಕೆ ಸೆರೆನಿಟಿ ಬೀಚ್, ಸರ್ಫಿಂಗ್ ಕಲಿಸುವವರು ಇದ್ದಾರೆ.

ಈ ಕಡಲಿನಲ್ಲಿ ರಿಪ್ ಕರೆಂಟ್ ಇದೆ. ದಡಕ್ಕೆ ಅಪ್ಪಳಿಸಿದ ನೀರು ಒಂದು ಕಿರಿದಾದ ಹಾದಿ ಹಿಡಿದು ಜೋರಾಗಿ ಒಳಕ್ಕೆ ವಾಪಸ್ ಹೋಗುವ ಸೆಳೆತ ಅದು. ಅಲೆ ಒಡೆಯದೆ ಸಮತಟ್ಟಾಗಿ ಕಾಣುವ ಜಾಗವೇ ಹೆಚ್ಚಾಗಿ ಅಪಾಯದ್ದು, ಅಲೆ ಕಡಿಮೆ ಇದೆ ಅಂತ ಜನ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜಬೇಡಿ, ಸುಸ್ತಾಗಿ ಮುಳುಗುವುದು ಹಾಗೇ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಿ. ಈಜು ಬಾರದವರು ಮೊಣಕಾಲಿಗಿಂತ ಮುಂದೆ ಹೋಗಬೇಡಿ. ಜೊತೆಯವರು ಸಿಕ್ಕಿಬಿದ್ದರೆ ಹಿಂದೆಯೇ ಹಾರದೆ ಕೂಗಿ ಜನ ಸೇರಿಸಿ, ತೇಲುವಂಥದ್ದು ಏನಾದರೂ ಎಸೆಯಿರಿ.

8. ಆಶ್ರಮ, ಆರೋವಿಲ್

ಎರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಆಶ್ರಮ ಊರೊಳಗೆ ಇದೆ. ಅರವಿಂದರು 1910ರಲ್ಲಿ ಇಲ್ಲಿಗೆ ಬಂದರು, ಆಶ್ರಮ ಶುರುವಾದದ್ದು 1926ರಲ್ಲಿ. ಅಂಗಳದ ಮರದ ಕೆಳಗೆ ಅವರದ್ದೂ ಮದರ್ ಅವರದ್ದೂ ಸಮಾಧಿ, ಹೂವಿನಿಂದ ಮುಚ್ಚಿರುತ್ತದೆ. ಫೋನ್ ಆಫ್ ಮಾಡಿ, ಮಾತಾಡಬೇಡಿ, ಮೂರು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಬೆಳಿಗ್ಗೆ ಹತ್ತರ ಹೊತ್ತು ಒಳ್ಳೆಯದು.

ಆರೋವಿಲ್ ಹನ್ನೆರಡು ಕಿಲೋಮೀಟರ್ ಆಚೆ, 1968ರಲ್ಲಿ ಹುಟ್ಟಿದ ಊರು. ಚಿನ್ನದ ಗೋಳದಂತಿರುವ ಮಾತೃಮಂದಿರವನ್ನು ಹೊರಗಿನಿಂದ ನೋಡಲು ವಿಸಿಟರ್ಸ್ ಸೆಂಟರ್‌ನಲ್ಲಿ ಉಚಿತ ಪಾಸ್ ಕೊಡುತ್ತಾರೆ. ಅಲ್ಲಿಂದ ಮರಗಳ ನಡುವೆ ಒಂದು ಕಿಲೋಮೀಟರ್ ನಡೆದರೆ ವ್ಯೂಯಿಂಗ್ ಪಾಯಿಂಟ್, ಅಂದರೆ ಗೋಳ ಕಾಣುವ ಜಾಗ. ಒಳಗೆ ಹೋಗಿ ಧ್ಯಾನಕ್ಕೆ ಕೂರಬೇಕೆಂದರೆ ಅದು ಬೇರೆ, ಮುಂಚಿತವಾಗಿಯೇ ಬುಕ್ ಮಾಡಿರಬೇಕು. ಅಲ್ಲಿಗೆ ಹೋಗಿ ಕೇಳಿದರೆ ಆವತ್ತೇ ಸಿಗುವುದಿಲ್ಲ. ಎಷ್ಟೋ ಜನ ನಿರಾಸೆಯಾಗಿ ಬರುವುದು ಇದಕ್ಕೇ. ಊರಿನಿಂದ ಎಂಟೂವರೆಗೆ ಹೊರಡಿ, ಹನ್ನೆರಡರೊಳಗೆ ಮುಗಿಸಿ.

ಅಲ್ಲಿಗೆ ಸ್ಕೂಟರ್ ಸಾಕು. ಬಾಡಿಗೆಗೆ ತಗೊಳ್ಳುವಾಗ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಇದೆಯಾ ನೋಡಿ, ಬಾಡಿಗೆಗೆ ಪರವಾನಗಿ ಇರುವ ಗಾಡಿಯ ಗುರುತು ಅದು. ಎರಡು ಹೆಲ್ಮೆಟ್ ಕೇಳಿ. ಮೊದಲೇ ಇರುವ ಗೀರುಗಳನ್ನು ಅವರೆದುರೇ ವಿಡಿಯೋ ಮಾಡಿ, ವಾಪಸ್ ಕೊಡುವಾಗ ಜಗಳವಿರುವುದಿಲ್ಲ. ಪೆಟ್ರೋಲ್ ತಳದಲ್ಲೇ ಇರುತ್ತದೆ, ಮೊದಲ ಬಂಕಿನಲ್ಲೇ ಹಾಕಿಸಿ. ಆಟೋ ಹತ್ತುವುದಾದರೆ ಹತ್ತುವ ಮೊದಲೇ ದರ ಮಾತಾಡಿ, ಮೀಟರ್ ಹಾಕುವ ರೂಢಿ ಇಲ್ಲ.

9. ಊಟ

ಮೀನಿಗೆಂದೇ ಹೋಗುವವರು ಇದನ್ನು ಓದಲೇಬೇಕು. ಏಪ್ರಿಲ್ 15ರಿಂದ ಜೂನ್ 14ರ ತನಕ ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮರಿ ಮಾಡುವ ಕಾಲ. ಸಣ್ಣ ದೋಣಿಯವರು ಮಾತ್ರ ದಡದ ಹತ್ತಿರ ಹಿಡಿಯುತ್ತಾರೆ. ಹಾಗಾಗಿ ತಾಜಾ ಮೀನು ಕಡಿಮೆ, ಬೆಲೆ ಜಾಸ್ತಿ, ಹೋಟೆಲುಗಳಲ್ಲಿ ಐಸಿನ ಮೀನು ಬರುವ ಸಾಧ್ಯತೆ ಹೆಚ್ಚು. "ಇವತ್ತು ಬಂದದ್ದು ಯಾವುದು?" ಅಂತ ನೇರವಾಗಿ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಬೇರೇನಾದರೂ ತಿನ್ನಿ.

ಸಸ್ಯಾಹಾರಿಗಳಿಗೆ ಯಾವ ತೊಂದರೆಯೂ ಇಲ್ಲ. ನೆಹರೂ ಸ್ಟ್ರೀಟ್, ಮಿಷನ್ ಸ್ಟ್ರೀಟ್ ಕಡೆ ತಮಿಳು ಊಟದ ಹೋಟೆಲುಗಳು, ಇಂಡಿಯನ್ ಕಾಫಿ ಹೌಸ್ ಇವೆ. ಬೆಳಿಗ್ಗೆ ಒಂದು ದಿನ ಪೊಂಗಲ್-ಫಿಲ್ಟರ್ ಕಾಫಿ, ಒಂದು ದಿನ ಫ್ರೆಂಚ್ ಬೇಕರಿಯ ಕ್ರಾಸಾಂ. ಕ್ರಾಸಾಂ ಎಂಟೂವರೆಯೊಳಗೆ ತಿಂದರೆ ಪದರ ಪದರವಾಗಿ ಗರಿಗರಿ, ಹನ್ನೊಂದಕ್ಕೆ ತೇವ ಕುಡಿದು ಮೆತ್ತಗಾಗುತ್ತದೆ. ಬೇಕರಿಯಲ್ಲಿ ಮೊಟ್ಟೆ ಇದೆಯಾ ಅಂತ ಕೇಳಿಕೊಳ್ಳಿ. ಭಾಷೆಗೆ ಹೆದರಬೇಡಿ. "ಅಣ್ಣಾ", "ಅಕ್ಕಾ" ಅಂತ ಮಾತಿಗೆ ಶುರು ಮಾಡಿದರೆ ಮುಕ್ಕಾಲು ಕೆಲಸ ಆಯಿತು.

10. ವಾಪಸ್ ಹೊರಡುವ ಮುಂಚೆ

ಇಲ್ಲಿ ಮದ್ಯ ಅಗ್ಗ, ಅಂಗಡಿಯೂ ಬೀದಿಗೊಂದು. ಬಾಟಲಿ ತಗೊಂಡು ಹೋಗಬಹುದಾ ಅನ್ನುವ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ತಗೊಂಡು ಹೋಗಬೇಡಿ. ಪುದುಚೇರಿ ದಾಟಿದ ಕೂಡಲೇ ತಮಿಳುನಾಡು, ಗಡಿಯಲ್ಲಿ ಚೆಕ್‌ಪೋಸ್ಟ್, ಸಿಕ್ಕಿಬಿದ್ದರೆ ಕೇಸು, ಗಾಡಿಯೂ ಅವರ ವಶಕ್ಕೆ. ಬೆಂಗಳೂರಿಗೆ ಹೋಗುವ ದಾರಿ ಬಹುಪಾಲು ತಮಿಳುನಾಡಿನಲ್ಲೇ ಇದೆ. ಇನ್ನೂ ಒಂದು ಗೊತ್ತಿರಲಿ, ಸೆರೆನಿಟಿ ಬೀಚ್ ಕಡೆಯ ಕೋಟಕುಪ್ಪಂ, ಆರೋವಿಲ್‌ನ ಬಹುಪಾಲು, ಇವೂ ತಮಿಳುನಾಡೇ. ಊರಲ್ಲಿ ಕೊಂಡು ಆ ಕಡೆಯ ರೂಮಿಗೆ ಒಯ್ದರೂ ರಾಜ್ಯದ ಗಡಿ ದಾಟಿದಂತೆಯೇ.

ತರಬೇಕಾದದ್ದು ಬೇರೆ ಇದೆ. ಆಶ್ರಮದ ಕೈಕಾಗದ, ಊದುಬತ್ತಿ, ಕ್ಲೂನಿ ಸಂನ್ಯಾಸಿನಿಯರ ಕೇಂದ್ರದಲ್ಲಿ ಹೆಂಗಸರು ಕೈಯಲ್ಲೇ ಹಾಕಿದ ಕಸೂತಿಯ ಬಟ್ಟೆ. ಕಸೂತಿಗೆ ಬೆಲೆ ಜಾಸ್ತಿ ಅನ್ನಿಸಬಹುದು, ಚೌಕಾಸಿ ಮಾಡಬೇಡಿ, ಹೊಲಿಗೆ ಹತ್ತಿರದಿಂದ ನೋಡಿದರೆ ಬೆಲೆ ಯಾಕೆ ಅಂತ ತಿಳಿಯುತ್ತದೆ. ಇದೆಲ್ಲ ಗುರುವಾರ ಮಧ್ಯಾಹ್ನದ ಒಳಗೇ ಮುಗಿಸಿಬಿಡಿ.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಟರೆ ತಿರುವಣ್ಣಾಮಲೈಯಲ್ಲಿ ತಿಂಡಿ, ಮಧ್ಯಾಹ್ನದ ಊಟಕ್ಕೆ ಹೊಸೂರು. ಮೂರು ಗಂಟೆ ದಾಟಿದರೆ ಅತ್ತಿಬೆಲೆಯಿಂದ ಸಿಲ್ಕ್ ಬೋರ್ಡ್ ತನಕ ಶುಕ್ರವಾರದ ಟ್ರಾಫಿಕ್ ನಿಮ್ಮದೇ, ಆದ್ದರಿಂದ ಬಿಲ್ಲನ್ನು ಹಿಂದಿನ ರಾತ್ರಿಯೇ ಕೊಟ್ಟು ಮಲಗಿ.